ಒಂದೇ ಕಪ್‌ಗೆ ಎರಡು ಬೆಲೆ

ಒಂದು ಸಣ್ಣ ಲೆಕ್ಕ. 1961ರ ಸೆಪ್ಟೆಂಬರ್. ಪೋರ್ಚುಗಲ್‌ನ ಫುಟ್ಬಾಲ್ ಕ್ಲಬ್ ಬೆನ್ಫಿಕಾ ತನ್ನೂರು ಲಿಸ್ಬನ್‌ನಲ್ಲಿ ಉರುಗ್ವೆಯ ಪೆನ್ಯರೋಲ್ ತಂಡವನ್ನು 1–0ರಿಂದ ಸೋಲಿಸಿತು. ಎರಡನೇ ಪಂದ್ಯ ಪೆನ್ಯರೋಲ್‌ನ ಊರು ಮಾಂಟೆವಿಡಿಯೊದಲ್ಲಿ. ಅಲ್ಲಿ ಪೆನ್ಯರೋಲ್ 5–0ರಿಂದ ಗೆದ್ದಿತು. ಎರಡೂ ಸೇರಿಸಿದರೆ 5–1. ಹಾಗಾದರೆ ಕಪ್ ಯಾರಿಗೆ?

ಯಾರಿಗೂ ಇಲ್ಲ! ಆಗ ಗೋಲುಗಳನ್ನು ಕೂಡಿಸುತ್ತಿರಲಿಲ್ಲ. ಗೆದ್ದರೆ 2 ಪಾಯಿಂಟ್, ಡ್ರಾ ಆದರೆ 1. ಇಬ್ಬರೂ ಒಂದೊಂದು ಗೆದ್ದಿದ್ದರು, ಇಬ್ಬರಿಗೂ 2 ಪಾಯಿಂಟ್. ಹಾಗಾಗಿ ಎರಡು ದಿನ ಬಿಟ್ಟು ಮಾಂಟೆವಿಡಿಯೊದಲ್ಲೇ ಮೂರನೇ ಪಂದ್ಯ ಆಡಬೇಕಾಯಿತು. ಬೆನ್ಫಿಕಾ ಗಾಬರಿಯಾಗಿ 19 ವರ್ಷದ ಯುಸೆಬಿಯೊನನ್ನು ವಿಮಾನದಲ್ಲಿ ಕರೆಸಿಕೊಂಡಿತು. ಹುಡುಗ ಗೋಲನ್ನೂ ಹೊಡೆದ. ಆದರೂ 2–1ರಿಂದ ಪೆನ್ಯರೋಲ್‌ಗೇ ಕಪ್.

ಇದು ಇಂಟರ್‌ಕಾಂಟಿನೆಂಟಲ್ ಕಪ್‌ನ ಎರಡನೇ ವರ್ಷದ ಕಥೆ. ಯುರೋಪಿನ ಕ್ಲಬ್ ಚಾಂಪಿಯನ್ನೂ ದಕ್ಷಿಣ ಅಮೆರಿಕದ ಕ್ಲಬ್ ಚಾಂಪಿಯನ್ನೂ 1960ರಿಂದ 2004ರವರೆಗೆ ಎದುರುಬದುರಾಗಿದ್ದು ಈ ಕಪ್‌ಗಾಗಿ. ಮೇಲಿನ ವಿಚಿತ್ರ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಮುಂದೆ ನಡೆದ ಜಗಳ, ಜೈಲು, ಬಹಿಷ್ಕಾರಕ್ಕೆಲ್ಲ ಅದರ ನಂಟಿದೆ.

ಇನ್ನೊಂದು ನಂಟೂ ಇದೆ. ಈ ಕಪ್‌ಗೆ ಎರಡು ಖಂಡಗಳಲ್ಲಿ ಎರಡು ಬೆಲೆ ಇತ್ತು. ಮಾಂಟೆವಿಡಿಯೊದಲ್ಲಿ, ಬ್ಯೂನಸ್ ಐರಿಸ್‌ನಲ್ಲಿ ಇದನ್ನು ಗೆದ್ದವರು ಅಂದರೆ ಜಗತ್ತಿನ ಚಾಂಪಿಯನ್, ಅಷ್ಟೇ. ಯುರೋಪಿನಲ್ಲಿ? ಮೊದಮೊದಲು ಅಲ್ಲೂ ಹಾಗೇ ಅಂದುಕೊಂಡಿದ್ದರು. ಆಮೇಲಾಮೇಲೆ ಲೀಗ್ ನಡುವೆ ಬಂದು ಕೂರುವ ತಲೆನೋವಾಯಿತು.

ಶುರುವಾದದ್ದು ಚೆನ್ನಾಗಿಯೇ

ಯುರೋಪಿನ ಕ್ಲಬ್ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಯುರೋಪಿಯನ್ ಕಪ್ ಶುರುವಾದದ್ದು 1955ರಲ್ಲಿ. ಮೊದಲ ಐದೂ ಸಲ ಗೆದ್ದದ್ದು ರಿಯಲ್ ಮ್ಯಾಡ್ರಿಡ್. ಗೆದ್ದು ಗೆದ್ದು ಅವರಿಗೇ ಸಾಕಾಗಿರಬೇಕು. ಇವರ ಜೊತೆ ಆಡಲು ಸಮುದ್ರದಾಚೆಯ ಚಾಂಪಿಯನ್ ಒಬ್ಬರು ಬೇಕಿತ್ತು. ಆದರೆ ದಕ್ಷಿಣ ಅಮೆರಿಕದಲ್ಲಿ ಆಗ ಪ್ರತಿ ವರ್ಷ ನಡೆಯುವ ಕ್ಲಬ್ ಚಾಂಪಿಯನ್‌ಶಿಪ್ ಇರಲೇ ಇಲ್ಲ. ಇಂದು ನಾವು ಕೋಪಾ ಲಿಬರ್ಟಡೋರೆಸ್ ಎಂದು ಕರೆಯುವ ಟೂರ್ನಿ 1960ರಲ್ಲಿ ಹುಟ್ಟಲು ಇದೂ ಒಂದು ಕಾರಣ. ಅಂದರೆ ಎದುರಾಳಿ ಬೇಕು ಅಂತ ಒಂದು ಖಂಡದಲ್ಲಿ ಟೂರ್ನಿಯೇ ಶುರುವಾಯಿತು!

ಅದರ ಮೊದಲ ಚಾಂಪಿಯನ್ ಪೆನ್ಯರೋಲ್. 1960ರ ಜುಲೈನಲ್ಲಿ ಮಾಂಟೆವಿಡಿಯೊದಲ್ಲಿ ಪಂದ್ಯ 0–0. ಸೆಪ್ಟೆಂಬರ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ರಿಯಲ್ 5–1. ಪುಷ್ಕಾಸ್, ಡಿ ಸ್ಟೆಫಾನೊ, ಹೆಂಟೊ ಎಲ್ಲರೂ ಗೋಲು ಹೊಡೆದರು. ತಾವು ಜಗತ್ತಿನ ಚಾಂಪಿಯನ್ ಎಂದು ರಿಯಲ್ ಹೇಳಿಕೊಂಡಿತು. ಜಗತ್ತಿನ ಫುಟ್ಬಾಲ್ ಸಂಸ್ಥೆ ಫಿಫಾ ಮಾತ್ರ ಒಪ್ಪಲಿಲ್ಲ. ಎರಡೇ ಖಂಡ ಆಡಿದರೆ ಅದು ಜಗತ್ತು ಹೇಗಾಗುತ್ತದೆ ಎಂಬುದು ಅದರ ತಕರಾರು. ಆಯೋಜನೆಯೆಲ್ಲ ಎರಡೂ ಖಂಡಗಳ ಫುಟ್ಬಾಲ್ ಸಂಸ್ಥೆಗಳದ್ದು, ಅಂದರೆ ಯುಇಎಫ್‌ಎ ಮತ್ತು ಕಾನ್ಮೆಬೋಲ್‌ನದ್ದು. ಅವರಿಬ್ಬರಿಗಿಂತ ದೊಡ್ಡವರು ಯಾರೂ ಮೇಲೆ ಕೂತು ನೋಡುತ್ತಿರಲಿಲ್ಲ. ಜಗಳ ಬಂದಾಗ ಇದರ ಬಿಸಿ ತಟ್ಟಿತು.

ಜಗಳಕ್ಕೆ ಮೊದಲು ಒಂದು ಒಳ್ಳೆಯ ರಾತ್ರಿ ನೋಡೋಣ. 1962ರ ಅಕ್ಟೋಬರ್ 11, ಲಿಸ್ಬನ್. ಬ್ರೆಜಿಲ್‌ನ ಸಾಂಟೋಸ್ ಮೊದಲ ಪಂದ್ಯವನ್ನು ರಿಯೊದಲ್ಲಿ 3–2ರಿಂದ ಗೆದ್ದಿತ್ತು. ಬೆನ್ಫಿಕಾ ತವರಿನಲ್ಲಿ ತಿರುಗಿ ಬೀಳುತ್ತದೆ ಎಂದೇ ಎಲ್ಲರ ಎಣಿಕೆ. ಪೆಲೆ ಮೂರು ಗೋಲು ಹೊಡೆದರು. ಸಾಂಟೋಸ್‌ಗೆ 5–2 ಗೆಲುವು. ಪೆಲೆಗೆ ಆಗ 22 ತುಂಬಲು ಇನ್ನೂ ಹನ್ನೆರಡು ದಿನ ಬಾಕಿ. ನಮ್ಮ ಬೆಂಗಳೂರಿನ ಹಲಸೂರು ಹತ್ತಿರದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ, ನೋಡಿರಬಹುದು. ಫುಟ್ಬಾಲ್ ಹುಚ್ಚಿನ ಆ ಬೀದಿಗೂ ಬ್ರೆಜಿಲ್‌ಗೂ ನಂಟು ಬೆಸೆದದ್ದು ಇಂಥ ಆಟವೇ.

ಲೆಕ್ಕ ಹೊಡೆದಾಟವಾದ ಬಗೆ

ಈಗ ಮತ್ತೆ ಆ ಪಾಯಿಂಟ್ ಲೆಕ್ಕಕ್ಕೆ ಬರೋಣ. ಮೊದಲ ಪಂದ್ಯ ಸೋತ ತಂಡಕ್ಕೆ ಎರಡನೆಯದನ್ನು ಹೇಗಾದರೂ ಗೆದ್ದರೆ ಸಾಕು. 1–0 ಆದರೂ ಅಷ್ಟೇ, 5–0 ಆದರೂ ಅಷ್ಟೇ. ಮೂರನೇ ಪಂದ್ಯ ನಡೆಯುತ್ತಿದ್ದದ್ದು ಎರಡನೆಯದು ನಡೆದ ಖಂಡದಲ್ಲೇ. ಹೀಗಾಗಿ ಎರಡನೇ ಪಂದ್ಯವನ್ನು ತವರಿನಲ್ಲಿ ಆಡುವವರಿಗೆ ಭಾರಿ ಅನುಕೂಲ. ಚೆಂದದ ಆಟ ಬೇಕಿಲ್ಲ. ಎದುರಾಳಿಯನ್ನು ಕಟ್ಟಿಹಾಕಿ ಒಂದು ಗೋಲು ಹೊಡೆದರೆ ಮುಗಿಯಿತು.

ಇದರ ಮೇಲೆ 1966ರ ವಿಶ್ವಕಪ್ ಬಂತು. ವೆಂಬ್ಲಿಯಲ್ಲಿ ಇಂಗ್ಲೆಂಡ್–ಅರ್ಜೆಂಟೀನಾ ಕ್ವಾರ್ಟರ್ ಫೈನಲ್. ಜರ್ಮನ್ ರೆಫರಿ ಅರ್ಜೆಂಟೀನಾದ ನಾಯಕ ರಾತಿನ್‌ಗೆ ಹೊರಗೆ ಹೋಗು ಎಂದರು. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರ ಭಾಷೆ ಬಾರದು. ರಾತಿನ್ ದುಭಾಷಿ ಬೇಕು ಎಂದು ನಿಂತೇಬಿಟ್ಟರು. ಪಂದ್ಯ ಮುಗಿದ ಮೇಲೆ ಇಂಗ್ಲೆಂಡ್ ಕೋಚ್ ಆಲ್ಫ್ ರ‍್ಯಾಮ್ಸೆ ಎದುರಾಳಿಗಳನ್ನು ಪ್ರಾಣಿಗಳಿಗೆ ಹೋಲಿಸಿ ಮಾತಾಡಿದರು. ಆ ಮಾತು ಅರ್ಜೆಂಟೀನಾದಲ್ಲಿ ವರ್ಷಗಟ್ಟಲೆ ಸುಟ್ಟಿತು. ಒಂದು ಒಳ್ಳೆಯದೂ ಆಯಿತು ಅನ್ನಿ. ಆ ಗೊಂದಲ ನೋಡಿದ ಕೆನ್ ಆ್ಯಸ್ಟನ್ ಎಂಬ ಇಂಗ್ಲಿಷ್ ರೆಫರಿಗೆ ಹಳದಿ, ಕೆಂಪು ಕಾರ್ಡಿನ ಐಡಿಯಾ ಹೊಳೆಯಿತು. ಆದರೆ ಕಾರ್ಡು ಬಂದದ್ದು 1970ರಲ್ಲಿ. 1967ರಲ್ಲಿ ರೆಫರಿಗಳ ಕೈಯಲ್ಲಿ ಶಿಳ್ಳೆ ಬಿಟ್ಟರೆ ಏನೂ ಇರಲಿಲ್ಲ.

ಆ 1967ರಲ್ಲೇ ಸ್ಕಾಟ್ಲೆಂಡ್‌ನ ಸೆಲ್ಟಿಕ್ ಮತ್ತು ಅರ್ಜೆಂಟೀನಾದ ರೇಸಿಂಗ್ ಎದುರಾದವು. ಸೆಲ್ಟಿಕ್ ಆಟಗಾರರೆಲ್ಲ ಗ್ಲಾಸ್ಗೋ ಸುತ್ತಮುತ್ತ ಹುಟ್ಟಿ ಬೆಳೆದ ಹುಡುಗರು. ಯುರೋಪಿಯನ್ ಕಪ್ ಗೆದ್ದ ಮೊದಲ ಬ್ರಿಟಿಷ್ ಕ್ಲಬ್ ಅವರದು. ಗ್ಲಾಸ್ಗೋದಲ್ಲಿ ನಾಯಕ ಮೆಕ್‌ನೀಲ್ ಗೋಲಿನಿಂದ ಸೆಲ್ಟಿಕ್‌ಗೆ 1–0 ಗೆಲುವು.

ಅರ್ಜೆಂಟೀನಾದ ಅವೆಯನೇಡಾದಲ್ಲಿ ಎರಡನೇ ಪಂದ್ಯ. ಆಟ ಶುರುವಾಗುವ ಮೊದಲೇ ಸೆಲ್ಟಿಕ್ ಗೋಲ್‌ಕೀಪರ್ ರಾನಿ ಸಿಂಪ್ಸನ್ ತಲೆಗೆ ಏನೋ ಬಂದು ಬಡಿಯಿತು. ರಕ್ತ ಸುರಿಯಿತು. ಬದಲಿಗೆ ಜಾನ್ ಫ್ಯಾಲನ್ ನಿಂತರು. ಸೆಲ್ಟಿಕ್‌ಗೆ ಮೊದಲ ಗೋಲು ಸಿಕ್ಕರೂ ಕೊನೆಗೆ ರೇಸಿಂಗ್ 2–1ರಿಂದ ಗೆದ್ದಿತು. ಎರಡೂ ಸೇರಿಸಿದರೆ 2–2. ಹೇಗೂ ಪಾಯಿಂಟ್ ಸಮ. ಮೂರನೇ ಪಂದ್ಯ ಬೇಡ, ಊರಿಗೆ ಹೋಗೋಣ ಎಂಬ ಮಾತು ಸೆಲ್ಟಿಕ್ ಒಳಗೇ ಎದ್ದಿತ್ತು. ಹೋಗಲಿಲ್ಲ.

ನವೆಂಬರ್ 4, ಮಾಂಟೆವಿಡಿಯೊ. ಹೆಸರಿಗೆ ಇದು ಮೂರನೆಯವರ ನೆಲ. ಆದರೆ ಬ್ಯೂನಸ್ ಐರಿಸ್‌ನಿಂದ ನದಿ ದಾಟಿದರೆ ಮಾಂಟೆವಿಡಿಯೊ! ಗ್ಲಾಸ್ಗೋದಿಂದ ಬರಬೇಕಾದರೆ ಅರ್ಧ ಭೂಮಿ ಸುತ್ತಬೇಕು. ಪರಾಗ್ವೆಯ ರೆಫರಿ ಆರು ಜನರನ್ನು ಹೊರಗೆ ಹಾಕಿದರು, ಸೆಲ್ಟಿಕ್‌ನ ನಾಲ್ವರು, ರೇಸಿಂಗ್‌ನ ಇಬ್ಬರು. ಅವರಲ್ಲಿ ಸೆಲ್ಟಿಕ್‌ನ ಬರ್ಟಿ ಔಲ್ಡ್ ಹೋಗಲೇ ಇಲ್ಲ. ನಾನು ಹೋಗಲ್ಲ ಎಂದು ಮೈದಾನದಲ್ಲೇ ಉಳಿದರು, ಗದ್ದಲದಲ್ಲಿ ಪಂದ್ಯ ಹಾಗೇ ಮುಂದುವರಿಯಿತು. ಈ ನಡುವೆ ನಿಜವಾದ ಫುಟ್ಬಾಲ್ ಕಂಡದ್ದು ಒಂದೇ ಕ್ಷಣ. ಕಾರ್ಡೆನಾಸ್ ದೂರದಿಂದ ಎಡಗಾಲಲ್ಲಿ ಬಾರಿಸಿದ ಹೊಡೆತ. ರೇಸಿಂಗ್‌ಗೆ 1–0 ಜಯ. ಅರ್ಜೆಂಟೀನಾದ ಕ್ಲಬ್ಬೊಂದು ಈ ಕಪ್ ಗೆದ್ದದ್ದು ಅದೇ ಮೊದಲು. ಅಲ್ಲಿನವರಿಗೆ ಆ ಗೋಲು ಇಂದಿಗೂ ಪುಣ್ಯಕಥೆ.

ಇದನ್ನು ಹೇಳುವಾಗ ಯುರೋಪಿನವರು ಸುಮ್ನೆ ಪಾಪದವರು ಎಂದು ಬರೆಯುವ ಚಾಳಿ ಇದೆ. ಅದು ಪೂರ್ತಿ ನಿಜವಲ್ಲ. ಸೆಲ್ಟಿಕ್‌ನ ಟಾಮಿ ಗೆಮ್ಮೆಲ್ ಹಿಂದಿನಿಂದ ಓಡಿ ಬಂದು ಒಬ್ಬನಿಗೆ ಒದ್ದದ್ದು ಕ್ಯಾಮೆರಾದಲ್ಲಿ ಸೆರೆಯಾಗಿದೆ. ಕ್ಲಬ್ ತನ್ನ ಆಟಗಾರರಿಗೇ ತಲಾ 250 ಪೌಂಡ್ ದಂಡ ಹಾಕಿತು. ಎರಡೂ ಕಡೆ ಕೈ ಕೊಳಕಾಗಿತ್ತು.

ಮರುವರ್ಷ ಅರ್ಜೆಂಟೀನಾದ ಇನ್ನೊಂದು ತಂಡ ಬಂತು, ಲಾ ಪ್ಲಾಟಾ ಊರಿನ ಎಸ್ತುದಿಯಾಂತೆಸ್. ದೊಡ್ಡ ಕ್ಲಬ್ಬೇನಲ್ಲ. ಕೋಚ್ ಓಸ್ವಾಲ್ಡೊ ಸುಬೆಲ್ದಿಯಾ ಎದುರಾಳಿಗಳನ್ನು ಪರೀಕ್ಷೆಗೆ ಓದಿದ ಹಾಗೆ ಓದುತ್ತಿದ್ದರು. ಆಫ್‌ಸೈಡ್ ಬಲೆ, ಕಾರ್ನರ್ ಕಿಕ್‌ಗಳ ಅಭ್ಯಾಸ ಎಲ್ಲ ಗಂಟೆಗಟ್ಟಲೆ. ಜೊತೆಗೆ ಎದುರಾಳಿಯ ತಲೆ ಕೆಡಿಸುವುದೂ ಪಾಠದಲ್ಲಿತ್ತು. ತಂಡದ ನಡುಗಣ ಆಟಗಾರ ಕಾರ್ಲೋಸ್ ಬಿಲಾರ್ಡೊ ಓದಿನಲ್ಲಿ ಡಾಕ್ಟರ್. 1986ರಲ್ಲಿ ಮರಡೋನಾ ತಂಡಕ್ಕೆ ವಿಶ್ವಕಪ್ ಗೆಲ್ಲಿಸಿದ ಕೋಚ್ ಇವರೇ. 1968ರಲ್ಲಿ ಎಸ್ತುದಿಯಾಂತೆಸ್ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ತವರಿನಲ್ಲಿ 1–0ರಿಂದ ಸೋಲಿಸಿ, ಓಲ್ಡ್ ಟ್ರಾಫರ್ಡ್‌ನಲ್ಲಿ 1–1 ಡ್ರಾ ಮಾಡಿ ಕಪ್ ಒಯ್ದಿತು. ಅಲ್ಲಿ ಗೋಲು ಹೊಡೆದದ್ದು ಹುವಾನ್ ರಮೋನ್ ವೆರೋನ್. ಮೂರು ದಶಕಗಳ ನಂತರ ಅವರ ಮಗ ಹುವಾನ್ ಸೆಬಾಸ್ಟಿಯನ್ ಅದೇ ಯುನೈಟೆಡ್‌ಗೆ ಆಡಿದರು.

1969ರಲ್ಲಿ ಎಲ್ಲ ಹದ್ದು ಮೀರಿತು. ಇಟಲಿಯ ಮಿಲಾನ್ ತಂಡ ಎಸ್ತುದಿಯಾಂತೆಸ್ ಎದುರು ತವರಿನಲ್ಲಿ 3–0ರಿಂದ ಗೆದ್ದು ಬ್ಯೂನಸ್ ಐರಿಸ್‌ಗೆ ಬಂತು. ನಿಯಮ ಆ ವರ್ಷವಷ್ಟೇ ಬದಲಾಗಿತ್ತು. ಪಾಯಿಂಟ್ ಬಿಟ್ಟು ಎರಡೂ ಪಂದ್ಯಗಳ ಗೋಲು ಕೂಡಿಸುವ ಪದ್ಧತಿ ಬಂದಿತ್ತು. ಎಸ್ತುದಿಯಾಂತೆಸ್‌ಗೆ ಈಗ ಬರೀ ಗೆಲುವು ಸಾಲದು, ಮೂರು ಗೋಲು ತೀರಿಸಬೇಕು. ಅವರು ಆಟಕ್ಕಿಂತ ಜಾಸ್ತಿ ಮೊಣಕೈ ಬಳಸಿದರು. ಮಿಲಾನ್‌ನ ನೆಸ್ಟರ್ ಕಾಂಬಿನ್‌ನ ಮೂಗು ಮುರಿಯಿತು, ಅಂಗಿ ರಕ್ತವಾಯಿತು. ಈ ಕಾಂಬಿನ್ ಹುಟ್ಟಿದ್ದು ಅರ್ಜೆಂಟೀನಾದಲ್ಲೇ. ಹುಡುಗನಿದ್ದಾಗ ಫ್ರಾನ್ಸ್‌ಗೆ ಹೋಗಿ, ಅಲ್ಲಿನ ರಾಷ್ಟ್ರೀಯ ತಂಡಕ್ಕೂ ಆಡಿದ್ದರು. ಪಂದ್ಯ ಮುಗಿದದ್ದೇ ತಡ, ಕಡ್ಡಾಯ ಸೈನಿಕ ಸೇವೆ ತಪ್ಪಿಸಿಕೊಂಡವನು ಎಂದು ಪೊಲೀಸರು ಅವರನ್ನು ಹಿಡಿದೊಯ್ದರು! ಫ್ರಾನ್ಸ್‌ನಲ್ಲಿ ಸೇವೆ ಮುಗಿಸಿದ್ದು ಗೊತ್ತಾದ ಮೇಲೆ ಬಿಟ್ಟರು.

ಪಂದ್ಯವನ್ನು ಎಸ್ತುದಿಯಾಂತೆಸ್ 2–1ರಿಂದ ಗೆದ್ದಿತು. ಒಟ್ಟು ಲೆಕ್ಕದಲ್ಲಿ 4–2ರಿಂದ ಕಪ್ ಮಿಲಾನ್‌ಗೆ. ಹಳೆಯ ನಿಯಮವೇ ಇದ್ದಿದ್ದರೆ ಮತ್ತೊಂದು ಪಂದ್ಯ ಆಡಬೇಕಿತ್ತು, ಊಹಿಸಿ. ಅರ್ಜೆಂಟೀನಾದಲ್ಲಿ ಆಗ ಜನರಲ್ ಒಂಗಾನಿಯಾ ಅವರ ಸೇನಾಡಳಿತ. ದೇಶದ ಮಾನ ಹೋಯಿತೆಂದು ಗೋಲ್‌ಕೀಪರ್ ಪೊಲೆಟ್ಟಿ, ಅಗಿರೆ ಸುವಾರೆಸ್, ಮನೇರಾ ಮೂವರಿಗೂ 30 ದಿನ ಜೈಲು. ಪೊಲೆಟ್ಟಿಗೆ ಆಜೀವ ನಿಷೇಧ, ಮುಂದೆ ಅದನ್ನು ತೆಗೆದರು.

ಮರುವರ್ಷದ ಒಂದು ಕನ್ನಡಕದ ಕಥೆ ಹೇಳದೆ ಮುಂದೆ ಹೋಗಲಾರೆ. 1970ರಲ್ಲಿ ಎಸ್ತುದಿಯಾಂತೆಸ್ ಎದುರು ನೆದರ್‌ಲೆಂಡ್ಸ್‌ನ ಫೆಯೆನೂರ್ಡ್. ಮೊದಲ ಪಂದ್ಯ 2–2. ರಾಟರ್‌ಡ್ಯಾಮ್‌ನ ಎರಡನೇ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಬಂದ ಯೋಪ್ ವಾನ್ ದಾಲೆ ಕನ್ನಡಕ ಹಾಕಿಕೊಂಡೇ ಆಡುತ್ತಿದ್ದರು. ಅವರೇ ಗೆಲುವಿನ ಗೋಲು ಹೊಡೆದರು. ಎದುರಾಳಿಯೊಬ್ಬ ಅವರ ಕನ್ನಡಕ ಕಿತ್ತು ಪುಡಿ ಮಾಡಿದ. ಕಪ್ ಫೆಯೆನೂರ್ಡ್‌ಗೆ ಬಂತು, ಕನ್ನಡಕ ಮಾತ್ರ ಹೋಯಿತು.

ಬರಲ್ಲ ಎಂದವರು

ಇಷ್ಟೆಲ್ಲ ಆದ ಮೇಲೆ ಯುರೋಪಿನ ಕ್ಲಬ್ಬುಗಳು ಕೈಮುಗಿದವು. 1971ರಲ್ಲಿ ಅಯಾಕ್ಸ್ ಬರಲ್ಲ ಎಂದಿತು, ಬದಲಿಗೆ ಯುರೋಪಿಯನ್ ಕಪ್ ಫೈನಲ್ ಸೋತ ಪನಾಥಿನೈಕೋಸ್ ಹೋಯಿತು. 1973ರಲ್ಲಿ ಮತ್ತೆ ಅಯಾಕ್ಸ್ ಇಲ್ಲ, ಯುವೆಂಟಸ್ ಬಂತು. ಅದೂ ಒಂದೇ ಪಂದ್ಯ, ಇಟಲಿಯಲ್ಲೇ ಎಂಬ ಷರತ್ತಿನ ಮೇಲೆ. ರೋಮ್‌ನ ಆ ಪಂದ್ಯವನ್ನು ಬೊಚೀನಿ ಎಂಬ 19ರ ಹುಡುಗನ ಗೋಲಿನಿಂದ ಅರ್ಜೆಂಟೀನಾದ ಇಂಡಿಪೆಂಡಿಯೆಂಟೆ ಗೆದ್ದಿತು. 1974ರಲ್ಲಿ ಬಯರ್ನ್ ಇಲ್ಲ. 1977ರಲ್ಲಿ ಲಿವರ್‌ಪೂಲ್ ಇಲ್ಲ. 1979ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಇಲ್ಲ. 1975 ಮತ್ತು 1978ರಲ್ಲಿ ಪಂದ್ಯವೇ ನಡೆಯಲಿಲ್ಲ. 1971ರಿಂದ 1979ರವರೆಗಿನ ಒಂಬತ್ತು ವರ್ಷಗಳಲ್ಲಿ ಯುರೋಪಿನ ನಿಜವಾದ ಚಾಂಪಿಯನ್ ಬಂದದ್ದು ಎರಡೇ ಸಲ, 1972ರಲ್ಲಿ ಅಯಾಕ್ಸ್, 1976ರಲ್ಲಿ ಬಯರ್ನ್.

ಬರೀ ಹೆದರಿಕೆ ಅಂದುಕೊಳ್ಳಬೇಡಿ. ದುಡ್ಡಿನ ಲೆಕ್ಕವೂ ಇತ್ತು. ಲೀಗ್ ನಡುವೆ ಅಷ್ಟು ದೂರ ಹೋಗಿ ಬರುವುದು, ಆಟಗಾರರ ಕಾಲು ಮುರಿಸಿಕೊಳ್ಳುವುದು, ಸಿಗುವುದು ಮಾತ್ರ ಅಷ್ಟಕ್ಕಷ್ಟೇ. 1971ರಲ್ಲಿ ಪನಾಥಿನೈಕೋಸ್‌ನ ತೊಮಾರಾಸ್‌ಗೆ ನಿಜವಾಗಿಯೂ ಕಾಲು ಮುರಿಯಿತು. 1979ರಲ್ಲಿ ಸ್ವೀಡನ್‌ನ ಮಾಲ್ಮೊದಲ್ಲಿ ನಡೆದ ಪಂದ್ಯಕ್ಕೆ ಐದು ಸಾವಿರ ಜನವೂ ಸೇರಲಿಲ್ಲ. 'ಜಗತ್ತಿನ ಚಾಂಪಿಯನ್' ಯಾರು ಎಂದು ನೋಡಲು ಐದು ಸಾವಿರ!

ಈ ಗೊಂದಲದಲ್ಲಿ ಒಂದು ತಮಾಷೆಯೂ ಆಯಿತು. 1974ರ ಸಾಲಿನ ಕಪ್ಪನ್ನು ಬಯರ್ನ್ ಬದಲಿಗೆ ಬಂದ ಅಟ್ಲೆಟಿಕೊ ಮ್ಯಾಡ್ರಿಡ್ ಗೆದ್ದಿತು. ಅಟ್ಲೆಟಿಕೊ ಇಂದಿನವರೆಗೆ ಯುರೋಪಿನ ಚಾಂಪಿಯನ್ ಆಗಿಲ್ಲ. ತಾಲ್ಲೂಕು ಗೆಲ್ಲದೆ ಜಿಲ್ಲೆ ಗೆದ್ದ ಹಾಗೆ.

ಟೋಕಿಯೊದಲ್ಲಿ ಮಧ್ಯಾಹ್ನ

ಕಪ್ಪನ್ನು ಉಳಿಸಿದ್ದು ಒಂದು ಕಾರ್ ಕಂಪನಿ. 1980ರ ಸಾಲಿನಿಂದ ಟೊಯೊಟಾ ಪ್ರಾಯೋಜಕ. ಇಬ್ಬರ ಊರೂ ಅಲ್ಲದ ಟೋಕಿಯೊದಲ್ಲಿ ಒಂದೇ ಪಂದ್ಯ. ತವರು ಇಲ್ಲ, ಸೇಡು ತೀರಿಸುವ ಎರಡನೇ ಪಂದ್ಯ ಇಲ್ಲ. ಯುರೋಪಿನ ಚಾಂಪಿಯನ್ ಬಂದೇ ಬರಬೇಕು ಎಂದು ಕರಾರು. ಅತ್ಯುತ್ತಮ ಆಟಗಾರನಿಗೆ ಕಾರು. ಹೊಡೆದಾಟಕ್ಕೆ ಬೇಕಾದ ಸಾಮಾನೆಲ್ಲ ಒಂದೇ ಏಟಿಗೆ ಮಾಯ.

ಮೊದಲ ಐದು ವರ್ಷ ಏನಾಯಿತು ಗೊತ್ತಾ? ಐದಕ್ಕೆ ಐದೂ ದಕ್ಷಿಣ ಅಮೆರಿಕ ಗೆದ್ದಿತು. ಅವುಗಳಲ್ಲಿ 1981ರ ಡಿಸೆಂಬರ್ 13ರದ್ದು ಬೇರೆಯೇ ತೂಕದ್ದು. ಬ್ರೆಜಿಲ್‌ನ ಫ್ಲಮೆಂಗೊ ಎದುರು ಲಿವರ್‌ಪೂಲ್. ಟೋಕಿಯೊದಲ್ಲಿ ಮಧ್ಯಾಹ್ನ 12, ರಿಯೊದಲ್ಲಿ ನಡುರಾತ್ರಿ 12. ಝೀಕೊ ಪಾಸು ಕೊಡುತ್ತಾ ಹೋದರು, ನೂನೆಸ್ ಎರಡು, ಅಡಿಲಿಯೊ ಒಂದು ಗೋಲು ಹೊಡೆದರು. ಮೂರೂ ಮೊದಲರ್ಧದಲ್ಲೇ. ಕೊನೆಗೂ 3–0.

ಇಂಗ್ಲೆಂಡಿನಲ್ಲಿ ಇದನ್ನು ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ದೂರದ ಪ್ರಯಾಣ, ನಿದ್ದೆ ಇಲ್ಲ, ನಮಗೆ ಲೀಗ್ ಮುಖ್ಯ ಎಂಬ ಮಾತುಗಳು. ಫ್ಲಮೆಂಗೊ ಕೂಡ ಅಷ್ಟೇ ದೂರದಿಂದ ಬಂದಿತ್ತು, ಅಲ್ವಾ? ರಿಯೊದಲ್ಲಿ ಮಾತ್ರ ಆ ತಂಡದ ಹನ್ನೊಂದು ಹೆಸರನ್ನು ಇಂದಿಗೂ ಬಾಯಿಪಾಠ ಹೇಳುವವರಿದ್ದಾರೆ. ಎರಡು ಬೆಲೆ ಎಂದು ನಾನು ಹೇಳಿದ್ದು ಇದನ್ನೇ.

ಟೋಕಿಯೊ ಕಾಲದಲ್ಲಿ ಚೆಂದದ ನೆನಪುಗಳಿವೆ. 1985ರಲ್ಲಿ ಯುವೆಂಟಸ್‌ನ ಪ್ಲಾಟಿನಿ ಅದ್ಭುತ ಗೋಲು ಹೊಡೆದರು. ರೆಫರಿ ಅದನ್ನು ಒಪ್ಪಲಿಲ್ಲ. ಪ್ಲಾಟಿನಿ ಜಗಳ ಮಾಡದೆ ಕೈ ತಲೆಗಿಟ್ಟು ಹುಲ್ಲಿನ ಮೇಲೆ ಹಾಯಾಗಿ ಮಲಗಿಬಿಟ್ಟರು. 1987ರಲ್ಲಿ ಪೋರ್ಟೊ ಮತ್ತು ಪೆನ್ಯರೋಲ್ ದಟ್ಟ ಹಿಮದಲ್ಲಿ ಆಡಿದವು, ಚೆಂಡು ಉರುಳುತ್ತಲೇ ಇರಲಿಲ್ಲ. 1992 ಮತ್ತು 1993ರಲ್ಲಿ ಸಾವೊ ಪಾಲೊ ಮೊದಲು ಬಾರ್ಸಿಲೋನಾವನ್ನು, ಆಮೇಲೆ ಮಿಲಾನ್ ತಂಡವನ್ನು ಸೋಲಿಸಿತು. ಇಂಗ್ಲೆಂಡಿನ ಕ್ಲಬ್ ಮೊದಲ ಸಲ ಈ ಕಪ್ ಎತ್ತಲು 1999ರವರೆಗೆ ಕಾಯಬೇಕಾಯಿತು, ಮ್ಯಾಂಚೆಸ್ಟರ್ ಯುನೈಟೆಡ್.

ತಕ್ಕಡಿ ವಾಲಿದ್ದು

ಒಟ್ಟು ನಡೆದದ್ದು 43 ಸಲ. ದಕ್ಷಿಣ ಅಮೆರಿಕ 22, ಯುರೋಪ್ 21. ಇಷ್ಟು ಸಮಬಲದ ಪೈಪೋಟಿ ಅಪರೂಪ ಅನಿಸುತ್ತದೆ. ಆದರೆ ಈ ಅಂಕಿ ಸ್ವಲ್ಪ ಮೋಸಗಾರ. 1994ರವರೆಗಿನ 33 ಕಪ್‌ಗಳಲ್ಲಿ ದಕ್ಷಿಣ ಅಮೆರಿಕಕ್ಕೆ 20, ಯುರೋಪಿಗೆ 13. ಕೊನೆಯ ಹತ್ತರಲ್ಲಿ ಯುರೋಪಿಗೆ 8, ದಕ್ಷಿಣ ಅಮೆರಿಕಕ್ಕೆ ಬರೀ 2. ಆ ಎರಡನ್ನೂ ಗೆದ್ದದ್ದು ಅರ್ಜೆಂಟೀನಾದ ಬೋಕಾ ಜೂನಿಯರ್ಸ್.

1995ರಲ್ಲಿ ಏನಾಯಿತು? ಆ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಆಟಗಾರ ಜಾನ್ ಮಾರ್ಕ್ ಬೊಸ್ಮನ್ ಹಾಕಿದ ಕೇಸಿನಲ್ಲಿ ಯುರೋಪಿಯನ್ ನ್ಯಾಯಾಲಯ ತೀರ್ಪು ಕೊಟ್ಟಿತು. ಅಲ್ಲಿಯವರೆಗೆ ಒಂದು ಕ್ಲಬ್ ಇಷ್ಟೇ ವಿದೇಶಿಯರನ್ನು ಆಡಿಸಬಹುದು ಎಂಬ ಮಿತಿ ಇತ್ತು. ತೀರ್ಪಿನ ನಂತರ ಯುರೋಪಿಯನ್ ಒಕ್ಕೂಟದ ದೇಶಗಳವರನ್ನು ವಿದೇಶಿ ಎಂದು ಎಣಿಸುವಂತಿರಲಿಲ್ಲ. ಅಂದರೆ ಮಿಲಾನ್‌ನಲ್ಲಿ ಡಚ್ಚರು ಆಡಿದರೆ ವಿದೇಶಿ ಕೋಟಾ ಖಾಲಿಯೇ ಉಳಿಯಿತು. ಆ ಜಾಗಕ್ಕೆ ಬಂದವರು ಬ್ರೆಜಿಲ್, ಅರ್ಜೆಂಟೀನಾದ ಹುಡುಗರು. ಅಜ್ಜ ಇಟಲಿಯವನೋ ಸ್ಪೇನಿನವನೋ ಆಗಿದ್ದರೆ ಪಾಸ್‌ಪೋರ್ಟೂ ಸಿಗುತ್ತಿತ್ತು, ಆಗ ಕೋಟಾದ ಮಾತೇ ಇಲ್ಲ. ಇದರ ಜೊತೆಗೆ ಟಿವಿ ದುಡ್ಡು ಯುರೋಪಿಗೆ ಹೊಳೆಯಂತೆ ಹರಿಯಿತು.

1962ರಲ್ಲಿ ಪೆಲೆ ಸಾಂಟೋಸ್‌ನಲ್ಲೇ ಇದ್ದರು. 1981ರಲ್ಲಿ ಝೀಕೊ ಫ್ಲಮೆಂಗೊದಲ್ಲೇ ಇದ್ದರು, ಎರಡು ವರ್ಷಕ್ಕೆ ಇಟಲಿಗೆ ಹೋದರು. 2000ದಲ್ಲಿ ಬೋಕಾ ರಿಯಲ್ ಮ್ಯಾಡ್ರಿಡ್ ಅನ್ನು 2–1ರಿಂದ ಸೋಲಿಸಿತು. ಪಲೆರ್ಮೊ ಆರೇ ನಿಮಿಷದಲ್ಲಿ ಎರಡು ಗೋಲು ಹೊಡೆದಿದ್ದರು, ರಿಕೆಲ್ಮೆ ಇಡೀ ಪಂದ್ಯ ಕುಣಿಸಿದ್ದರು. ಎರಡು ವರ್ಷ ತುಂಬುವುದರೊಳಗೆ ಇಬ್ಬರೂ ಸ್ಪೇನಿನಲ್ಲಿದ್ದರು. ಈಗಂತೂ ಹುಡುಗನಿಗೆ 18 ತುಂಬುವುದನ್ನೇ ಕಾಯುತ್ತಾರೆ.

2004ಕ್ಕೆ ಈ ಕಪ್ ಮುಗಿಯಿತು. 2005ರಿಂದ ಎಲ್ಲ ಖಂಡಗಳ ಚಾಂಪಿಯನ್ನರನ್ನೂ ಸೇರಿಸಿ ಫಿಫಾ ತನ್ನದೇ ಟೂರ್ನಿ ನಡೆಸಿತು. ಹಳೆಯ ಜಗಳ ಒಂದು ಬಾಕಿ ಇತ್ತಲ್ಲ, ಗೆದ್ದವರು ಜಗತ್ತಿನ ಚಾಂಪಿಯನ್ನೋ ಅಲ್ಲವೋ ಎಂಬುದು? ಅದು ತೀರ್ಮಾನವಾದದ್ದು ನಮ್ಮ ಕೋಲ್ಕತ್ತಾದಲ್ಲಿ! 2017ರ ಅಕ್ಟೋಬರ್‌ನಲ್ಲಿ, 17 ವರ್ಷದೊಳಗಿನವರ ವಿಶ್ವಕಪ್ ನಡೆಯುತ್ತಿದ್ದಾಗ, ಫಿಫಾ ಕೌನ್ಸಿಲ್ ಅಲ್ಲಿ ಸಭೆ ಸೇರಿ 1960ರಿಂದ 2004ರವರೆಗಿನ ವಿಜೇತರನ್ನೆಲ್ಲ ವಿಶ್ವ ಚಾಂಪಿಯನ್ ಎಂದು ಒಪ್ಪಿಕೊಂಡಿತು. ಪೆನ್ಯರೋಲ್‌ನವರು 56 ವರ್ಷದಿಂದ ಹೇಳುತ್ತಿದ್ದದ್ದೂ ಅದನ್ನೇ.

ಫಿಫಾ ಟೂರ್ನಿಯಲ್ಲಿ ದಕ್ಷಿಣ ಅಮೆರಿಕ ಕೊನೆಯ ಸಲ ಗೆದ್ದದ್ದು 2012ರಲ್ಲಿ, ಬ್ರೆಜಿಲ್‌ನ ಕೊರಿಂಥಿಯನ್ಸ್ ಇಂಗ್ಲೆಂಡಿನ ಚೆಲ್ಸಿಯನ್ನು 1–0ರಿಂದ ಸೋಲಿಸಿದಾಗ. 2025ರಲ್ಲಿ ಅಮೆರಿಕದಲ್ಲಿ 32 ತಂಡಗಳ ದೊಡ್ಡ ಕ್ಲಬ್ ವಿಶ್ವಕಪ್ ನಡೆಯಿತು. ಗುಂಪು ಹಂತದಲ್ಲಿ ಬ್ರೆಜಿಲ್‌ನ ಬೊಟಫೊಗೊ ಯುರೋಪಿನ ಚಾಂಪಿಯನ್ ಪ್ಯಾರಿಸ್ ಸೇಂಟ್ ಜರ್ಮೈನ್ ತಂಡವನ್ನು ಸೋಲಿಸಿತು, ಫ್ಲಮೆಂಗೊ ಚೆಲ್ಸಿಯನ್ನು 3–1ರಿಂದ ಸೋಲಿಸಿತು. ಬ್ರೆಜಿಲ್ ಅಭಿಮಾನಿಗಳು ಬೀದಿ ತುಂಬ ಹಾಡಿದರು. ಯುರೋಪಿನವರು ಬಿಸಿಲು ಜಾಸ್ತಿ, ಸೀಸನ್ ಉದ್ದವಾಯಿತು, ದಣಿದಿದ್ದೇವೆ ಎಂದರು.

ಸೆಮಿಫೈನಲ್‌ವರೆಗೆ ಉಳಿದ ಬ್ರೆಜಿಲ್ ತಂಡ ರಿಯೊದ ಫ್ಲುಮಿನೆನ್ಸೆ ಒಂದೇ. ಎದುರಿಗೆ ಚೆಲ್ಸಿ. ಚೆಲ್ಸಿ 2–0ರಿಂದ ಗೆದ್ದಿತು. ಎರಡೂ ಗೋಲು ಹೊಡೆದದ್ದು ಕೆಲವೇ ದಿನಗಳ ಹಿಂದೆ ಚೆಲ್ಸಿ ಕೊಂಡುಕೊಂಡಿದ್ದ ಜೊವಾವ್ ಪೆಡ್ರೊ. ಆತ ಹುಡುಗನಾಗಿದ್ದಾಗ ಆಟ ಕಲಿತದ್ದು ಫ್ಲುಮಿನೆನ್ಸೆಯಲ್ಲಿ. ಗೋಲು ಹೊಡೆದು ಆತ ಕುಣಿಯಲಿಲ್ಲ. ಎರಡೂ ಕೈ ಎತ್ತಿ, ಕ್ಷಮೆ ಕೇಳುವವನ ಹಾಗೆ ನಿಂತುಕೊಂಡ.